ಪ್ರಯೋಗಾಲಯವಿಲ್ಲದ ಪ್ರೌಢಶಾಲೆಯಲ್ಲಿ ಭೌತವಿಜ್ಞಾನದ ಪ್ರಯೋಗಗಳು: ಯಾವುವು, ಹೇಗೆ?

ಪ್ರಶ್ನೆ: ನಾನು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ತರಗತಿಯಲ್ಲಿ 46 ಮಕ್ಕಳಿದ್ದಾರೆ. ಪ್ರತ್ಯೇಕ ಪ್ರಯೋಗಾಲಯವಿಲ್ಲ. ಒಂದು ಬೀರುವಿನಷ್ಟು ಉಪಕರಣಗಳಿವೆ, ಅರ್ಧದಷ್ಟು ಕೆಟ್ಟಿವೆ. 40 ನಿಮಿಷದ ಅವಧಿಯಲ್ಲಿ ನಾನೇ ಮೇಜಿನ ಮೇಲೆ ಮಾಡಿ ತೋರಿಸುತ್ತೇನೆ, ಮಕ್ಕಳು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಎಲ್ಲರ ಪುಸ್ತಕದಲ್ಲೂ ಒಂದೇ ಅಂಕಿಗಳು. ಮಕ್ಕಳ ಕೈಯಲ್ಲೇ ಮಾಡಿಸಬಹುದಾದ ಭೌತವಿಜ್ಞಾನದ ಪ್ರಯೋಗಗಳು ಯಾವುವು? ಇಷ್ಟು ಮಕ್ಕಳನ್ನು ಇಟ್ಟುಕೊಂಡು, ಕಡಿಮೆ ಖರ್ಚಿನಲ್ಲಿ ಅವನ್ನು ಮಾಡಿಸುವುದು ಹೇಗೆ?

ಉತ್ತರ: ಎಲ್ಲರ ಪುಸ್ತಕದಲ್ಲೂ ಒಂದೇ ಅಂಕಿ ಇದೆ ಎಂಬುದನ್ನು ನೀವೇ ಗಮನಿಸಿ ಬರೆದಿದ್ದೀರಿ. ಅಲ್ಲಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಪಕರಣಗಳ ಕೊರತೆಗಿಂತ ದೊಡ್ಡ ಕೊರತೆ ಅದು. ಉತ್ತರ ಮೊದಲೇ ಗೊತ್ತಿರುವ ಪ್ರಯೋಗವನ್ನು ಮಗು ಮಾಡುವುದಿಲ್ಲ, ಒಪ್ಪಿಸುತ್ತದೆ. ಸುಸಜ್ಜಿತ ಪ್ರಯೋಗಾಲಯವಿರುವ ಶಾಲೆಗಳಲ್ಲೂ ಇದು ನಡೆಯುತ್ತದೆ. ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕು ಎಂದು ಗೊತ್ತಿರುವ ಹುಡುಗ ಲೆಕ್ಕವನ್ನು ಕೊನೆಯಿಂದ ಹಿಂದಕ್ಕೆ ಮಾಡಿ, ಸೆಕೆಂಡುಗಳನ್ನು ತಾನೇ ಹುಟ್ಟಿಸಿ ಬರೆದುಬಿಡುತ್ತಾನೆ. ಅವನ ಜಾಣತನವನ್ನು ನಾವೇ ತಪ್ಪು ದಾರಿಗೆ ಹಚ್ಚಿದ್ದೇವೆ.

ಹಾಗಾಗಿ ನನ್ನ ಮೊದಲ ಸಲಹೆ: ಪ್ರಯೋಗಗಳ ಸಂಖ್ಯೆಯನ್ನು ಕಡಿಮೆ ಮಾಡಿ. ವರ್ಷಕ್ಕೆ ಆರೇಳು ಸಾಕು. ಆದರೆ ಪ್ರತಿಯೊಂದನ್ನೂ ಪ್ರತಿ ಮಗುವೂ ಕೈಯಾರೆ ಮಾಡಬೇಕು. ಮಾಡುವ ಮೊದಲು ಏನಾಗಬಹುದು ಎಂಬ ಊಹೆಯನ್ನು ಪೆನ್ನಿನಲ್ಲಿ ಬರೆದಿರಬೇಕು. ಮಾಡಿದ ಮೇಲೆ ತನಗೆ ಬಂದ ಅಂಕಿಯನ್ನೇ, ಅದು ಎಷ್ಟೇ ವಿಚಿತ್ರವಾಗಿರಲಿ, ಬರೆಯಬೇಕು. ಊಹೆಗೂ ಅಳತೆಗೂ ಹೊಂದದಿದ್ದರೆ ಏಕೆ ಎಂದು ಹುಡುಕಬೇಕು. ಮಕ್ಕಳು ಭೌತವಿಜ್ಞಾನ ಕಲಿಯುವುದು ಈ ಹುಡುಕಾಟದಲ್ಲಿ. ಕೆಳಗೆ ಹೇಳುವ ಪ್ರಯೋಗಗಳನ್ನೆಲ್ಲ ಆರಿಸಿರುವುದು ಅದಕ್ಕೆ ಅವಕಾಶ ಕೊಡುತ್ತವೆ ಎಂಬ ಕಾರಣಕ್ಕೆ.

ಒಂಬತ್ತನೇ ತರಗತಿಗೆ ಬೆರಳು ಮತ್ತು ನೀರಿನಿಂದ ಆರಂಭಿಸಿ. ಅಡುಗೆಮನೆಯಲ್ಲಿ ಹಿಟ್ಟು ತೂಗಲು ಬಳಸುವ, ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿ ಬೇಕು. ಲೋಟದಲ್ಲಿ ಮುಕ್ಕಾಲು ಭಾಗ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ಈಗ ಕೇಳಿ: ಲೋಟದ ಅಂಚನ್ನಾಗಲಿ ತಳವನ್ನಾಗಲಿ ಮುಟ್ಟದಂತೆ ಬೆರಳನ್ನು ನೀರಿಗೆ ಅದ್ದಿದರೆ ತಕ್ಕಡಿಯ ಅಂಕಿ ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ, ಹಾಗೇ ಇರುತ್ತದೆಯೋ? ಎಲ್ಲರೂ ಬರೆಯಲಿ, ಆಮೇಲೆ ಕೈ ಎತ್ತಿಸಿ ಮೂರೂ ಗುಂಪಿನ ಸಂಖ್ಯೆಯನ್ನು ಕಪ್ಪು ಹಲಗೆಯ ಮೇಲೆ ಬರೆಯಿರಿ. ‘ಬೆರಳು ಲೋಟವನ್ನು ಮುಟ್ಟಿಯೇ ಇಲ್ಲವಲ್ಲ, ತೂಕ ಏಕೆ ಬದಲಾಗಬೇಕು?’ ಎಂದು ವಾದಿಸುವವರು ಯಾವಾಗಲೂ ಇರುತ್ತಾರೆ. ‘ನೀರು ಬೆರಳನ್ನು ಮೇಲಕ್ಕೆ ಎತ್ತುತ್ತದೆ, ಆದ್ದರಿಂದ ಕಡಿಮೆಯಾಗುತ್ತದೆ’ ಎನ್ನುವವರೂ ಇರುತ್ತಾರೆ. ವಾದ ಕಾವೇರುವವರೆಗೂ ಕಾಯಿರಿ. ಅದಾದ ಮೇಲೆ ಒಬ್ಬಳನ್ನು ಕರೆದು ಬೆರಳು ಅದ್ದಿಸಿ. ಎರಡು ಗೆಣ್ಣು ಮುಳುಗುವಷ್ಟರಲ್ಲಿ ಅಂಕಿ ಹತ್ತು ಗ್ರಾಂನ ಆಸುಪಾಸಿಗೆ ಏರಿರುತ್ತದೆ.

ನೀರು ಬೆರಳನ್ನು ಮೇಲಕ್ಕೆ ತಳ್ಳಿದರೆ ಬೆರಳು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳಲೇಬೇಕು. ನ್ಯೂಟನ್ನನ ಮೂರನೇ ನಿಯಮ ಮತ್ತು ಆರ್ಕಿಮಿಡೀಸನ ತತ್ವ ಬೇರೆ ಬೇರೆ ಪಾಠಗಳೆಂದು ತಿಳಿದ ಮಕ್ಕಳಿಗೆ ಅವೆರಡೂ ಒಂದೇ ಲೋಟದಲ್ಲಿ ಕಾಣುತ್ತವೆ. ಇದನ್ನೇ ಮುಂದುವರಿಸಿ. ಒಂದು ಕಲ್ಲನ್ನು ದಾರದಿಂದ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ, ಕೆಳಗಿನ ಡಿಜಿಟಲ್ ತಕ್ಕಡಿಯ ಮೇಲಿರುವ ನೀರಿನಲ್ಲಿ ಮುಳುಗಿಸಿ. ಮೇಲಿನ ತಕ್ಕಡಿ 160 ಗ್ರಾಂನಿಂದ 100ಕ್ಕೆ ಇಳಿದರೆ ಕೆಳಗಿನದು 60 ಏರುತ್ತದೆ. ಅಂದರೆ ಕಲ್ಲಿನ ಗಾತ್ರ 60 ಘನ ಸೆಂಟಿಮೀಟರ್, ಸಾಂದ್ರತೆ ಸುಮಾರು 2.67. ಗ್ರಾನೈಟಿನ ಸಾಂದ್ರತೆ 2.6ರಿಂದ 2.7ರೊಳಗೆ ಬರುತ್ತದೆ, ಹಾಗಾಗಿ ಬಯಲುಸೀಮೆಯ ಮಕ್ಕಳು ಶಾಲೆಯ ಹಿಂದಿನ ಬಂಡೆಯ ಚೂರು ತಂದರೆ ಇದಕ್ಕೆ ಹತ್ತಿರದ ಬೆಲೆ ಸಿಗುತ್ತದೆ. ನಿಮ್ಮದು ಕರಾವಳಿಯಾದರೆ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ಚೂರನ್ನೂ ಮುಳುಗಿಸಿ ನೋಡಲಿ. ಗುಳ್ಳೆಗಳು ಏಳುತ್ತಲೇ ಇರುತ್ತವೆ, ಅಂಕಿ ನಿಲ್ಲುವುದೇ ಇಲ್ಲ. ಏಕೆ ಎಂದು ಅವರೇ ಹೇಳುತ್ತಾರೆ.

ಇನ್ನು ಚಲನೆಯ ಪಾಠ. ಈ ಒಂದು ಪ್ರಯೋಗಕ್ಕೆ ಎರಡು ಅವಧಿ ಕೊಡಿ ಎಂದು ನಾನು ಒತ್ತಾಯಿಸುತ್ತೇನೆ. ಸಮವೇಗ, ವೇಗೋತ್ಕರ್ಷ, ಚಲನೆಯ ಸಮೀಕರಣ ಇವೆಲ್ಲ ಮಕ್ಕಳಿಗೆ ಅಕ್ಷರಗಳಾಗಿಯೇ ಉಳಿದುಬಿಡುತ್ತವೆ, ಏಕೆಂದರೆ ಬೀಳುವ ವಸ್ತು ಕಣ್ಣಿಗೆ ಸಿಗುವುದಿಲ್ಲ. ಅದನ್ನು ಕಿವಿಗೆ ಸಿಗುವಂತೆ ಮಾಡಬಹುದು.

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಗೋಡೆಯ ಮೇಲೆ ವೈರ್ ಎಳೆಯಲು ಬಳಸುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ ಸಿಗುತ್ತದೆ. ಮುಚ್ಚಳ ತೆಗೆದರೆ ಅದೊಂದು ನೇರವಾದ ತೋಡು. ಎರಡು ಮೀಟರ್ ಉದ್ದದ ತುಂಡನ್ನು ಬಾಗದಂತೆ ಒಂದು ಹಲಗೆಗೋ ಉದ್ದನೆಯ ಬೆಂಚಿಗೋ ಅಂಟಿಸಿ. ಒಂದು ತುದಿಯ ಕೆಳಗೆ ಪುಸ್ತಕಗಳನ್ನಿಟ್ಟು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರಿಸಿ, ಸುಮಾರು 15 ಸೆಂಟಿಮೀಟರ್. ಗ್ಯಾರೇಜಿನಲ್ಲಿ ಕೇಳಿದರೆ ಹಳೆಯ ಬೇರಿಂಗಿನ ಉಕ್ಕಿನ ಗುಂಡು ಸಿಗುತ್ತದೆ. ಸಿಗದಿದ್ದರೆ ಗಾಜಿನ ಗೋಲಿ ಆದೀತು. ತೋಡಿನ ತಳಕ್ಕೆ ಅಡ್ಡಲಾಗಿ ದಪ್ಪ ದಾರದ ಮೂರು ತುಂಡುಗಳನ್ನು ಟೇಪಿನಿಂದ ಅಂಟಿಸಿ. ಗುಂಡು ಉರುಳುತ್ತಾ ದಾರವನ್ನು ದಾಟುವಾಗ ‘ಟಕ್’ ಎನ್ನುತ್ತದೆ.

ಮೊದಲು ದಾರಗಳನ್ನು ಸಮ ಅಂತರದಲ್ಲಿ ಇಡಿಸಿ: ಗುಂಡು ಬಿಡುವ ಜಾಗದಿಂದ 60, 120, 180 ಸೆಂಟಿಮೀಟರ್. ಬಿಡುವ ಮೊದಲು ಕಣ್ಣು ಮುಚ್ಚಿಕೊಳ್ಳಲು ಹೇಳಿ. ಟಕ್‌ಗಳ ನಡುವಿನ ಬಿಡುವು ಬರಬರುತ್ತಾ ಕಿರಿದಾಗುವುದು ಎಲ್ಲರಿಗೂ ಕೇಳುತ್ತದೆ. ಕೋಲಾಟ, ಭಜನೆ, ಡೊಳ್ಳು ಇವುಗಳ ನಡುವೆ ಬೆಳೆದ ಮಕ್ಕಳ ಕಿವಿಗೆ ತಾಳ ತಪ್ಪಿದ್ದು ಬಹಳ ಬೇಗ ಗೊತ್ತಾಗುತ್ತದೆ. ಈಗ ನಿಜವಾದ ಕೆಲಸ ಕೊಡಿ: ಗುಂಡು ಬಿಟ್ಟ ಕ್ಷಣದಿಂದ ಲೆಕ್ಕ ಹಿಡಿದರೆ ಮೂರು ಟಕ್‌ಗಳೂ ಸಮ ತಾಳದಲ್ಲಿ ಕೇಳಬೇಕು, ಅದಕ್ಕೆ ದಾರಗಳನ್ನು ಎಲ್ಲಿ ಅಂಟಿಸಬೇಕು? ಮೊದಲ ದಾರವನ್ನು 20 ಸೆಂಟಿಮೀಟರಿನಲ್ಲಿ ನೀವೇ ಅಂಟಿಸಿಕೊಡಿ, ಉಳಿದೆರಡನ್ನು ಅವರೇ ಹುಡುಕಲಿ. ಒಬ್ಬ ಗುಂಡನ್ನು ಸ್ಕೇಲಿನಿಂದ ತಡೆದು ಹಿಡಿದು, ಸ್ಕೇಲನ್ನು ಎತ್ತುವಾಗಲೇ ‘ಹೂಂ’ ಎನ್ನಬೇಕು. ಗುಂಡನ್ನು ತಳ್ಳಕೂಡದು.

ಇಪ್ಪತ್ತು ನಿಮಿಷದ ಗದ್ದಲದ ನಂತರ ಒಂದೊಂದು ಗುಂಪೂ ಒಂದು ಜಾಗಕ್ಕೆ ಬಂದು ನಿಲ್ಲುತ್ತದೆ. ಆಗ ಅಳೆಯಲಿ. ಎರಡನೇ ದಾರ 80ರ ಹತ್ತಿರ, ಮೂರನೆಯದು 180ರ ಹತ್ತಿರ ಇರುತ್ತದೆ. ಒಂದು ಗುಂಪಿಗೆ 83, ಇನ್ನೊಂದಕ್ಕೆ 176 ಬಂದಿರಬಹುದು, ಹಾಗೇ ಬರೆಯಲಿ. ಎಲ್ಲ ಗುಂಪುಗಳ ಅಂಕಿಗಳನ್ನು ಹಲಗೆಯ ಮೇಲೆ ಬರೆದು ಸರಾಸರಿ ತೆಗೆದರೆ 1, 4, 9 ಎಂಬ ಅನುಪಾತ ತಾನಾಗಿ ಎದ್ದು ಬರುತ್ತದೆ. ದಾರಗಳ ನಡುವಿನ ಅಂತರವನ್ನು ನೋಡಿದರೆ 20, 60, 100, ಅಂದರೆ 1, 3, 5. ದೂರವು ಕಾಲದ ವರ್ಗಕ್ಕೆ ಅನುಪಾತದಲ್ಲಿದೆ ಎಂಬ ವಾಕ್ಯವನ್ನು ನೀವು ಹೇಳುವ ಮೊದಲೇ ಅದು ಅವರ ಟೇಪಿನ ಮೇಲಿರುತ್ತದೆ. ಸ್ಟಾಪ್‌ವಾಚ್ ಬೇಕಾಗಲೇ ಇಲ್ಲ ಎಂಬುದನ್ನು ಗಮನಿಸಿ. ಸೆಕೆಂಡಿನ ಭಾಗಗಳನ್ನು ಅಳೆಯುವ ಗಡಿಯಾರ ಇಲ್ಲದ ಕಾಲದಲ್ಲಿ ಗೆಲಿಲಿಯೋ ಇಳಿಜಾರಿನಲ್ಲಿ ಕಂಚಿನ ಗುಂಡು ಉರುಳಿಸಿ, ಪಾತ್ರೆಯಿಂದ ಸಣ್ಣದಾಗಿ ಹರಿದ ನೀರನ್ನು ತೂಗಿ ಕಾಲವನ್ನು ಲೆಕ್ಕ ಹಾಕಿದ. 1638ರಲ್ಲಿ ಅದನ್ನು ಪ್ರಕಟಿಸಿದ. ಅವನ ತಂದೆ ಸಂಗೀತಗಾರನಾಗಿದ್ದ ಎಂಬುದನ್ನೂ ಮಕ್ಕಳಿಗೆ ಹೇಳಿ, ಅವರಿಗೆ ಇಷ್ಟವಾಗುತ್ತದೆ.

ಕೆಲವು ಗುಂಪುಗಳ ಫಲಿತಾಂಶ ತೀರಾ ದೂರವಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ಪಟ್ಟಿ ನಡುವೆ ಜೋತುಬಿದ್ದಿರುತ್ತದೆ, ಇಲ್ಲವೇ ದಾರ ಬಹಳ ದಪ್ಪವಿದ್ದು ಗುಂಡನ್ನು ನಿಧಾನಗೊಳಿಸುತ್ತಿರುತ್ತದೆ. ನೀವು ಹೇಳಬೇಡಿ. ನೆಲಕ್ಕೆ ತಲೆಯಿಟ್ಟು ಪಟ್ಟಿಯ ಉದ್ದಕ್ಕೂ ನೋಡಿ ಎಂದಷ್ಟೇ ಹೇಳಿ.

ಸರಳ ಲೋಲಕ ಎಲ್ಲರಿಗೂ ಗೊತ್ತಿರುವ ಪ್ರಯೋಗ. ದಾರ, ಒಂದು ನಟ್ಟು, ಗಡಿಯಾರ ಇಷ್ಟೇ ಸಾಕು. ತರಗತಿಯನ್ನು ಎಂಟು ಗುಂಪು ಮಾಡಿದರೆ ಎಲ್ಲ ಗುಂಪುಗಳೂ ಏಕಕಾಲಕ್ಕೆ ಮಾಡಬಹುದು. ನಾನು ಇಲ್ಲಿ ಹೇಳಬೇಕಾದದ್ದು ತಪ್ಪು ಅಳತೆಯ ಬೆಲೆಯ ಬಗ್ಗೆ. ಒಂದು ಮೀಟರ್ ಉದ್ದದ ಲೋಲಕಕ್ಕೆ 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು ಬೇಕು. ಒಂದು ಗುಂಪಿಗೆ 38.1 ಬಂತು ಎನ್ನಿ. ಅದರಿಂದ ಗುರುತ್ವ ವೇಗೋತ್ಕರ್ಷದ ಲೆಕ್ಕ ಹಾಕಿದರೆ 10.9ರ ಹತ್ತಿರ ಬರುತ್ತದೆ. ‘ತಪ್ಪು, ಇನ್ನೊಮ್ಮೆ ಮಾಡು’ ಎಂದರೆ ಮಗು ಪಕ್ಕದ ಗುಂಪಿನ ಅಂಕಿಯನ್ನು ನಕಲು ಮಾಡುತ್ತದೆ. ಅದರ ಬದಲು, ಕಡಿಮೆ ಬಿದ್ದ ಎರಡು ಸೆಕೆಂಡು ಎಲ್ಲಿಗೆ ಹೋಯಿತು ಎಂದು ಕೇಳಿ. ಎರಡು ಸೆಕೆಂಡು ಎಂದರೆ ಸರಿಯಾಗಿ ಒಂದು ಆಂದೋಲನದ ಕಾಲ! ಗುಂಡು ಬಿಟ್ಟಾಗಲೇ ‘ಒಂದು’ ಎಂದು ಎಣಿಸಿದ್ದಾರೆ. ‘ಸೊನ್ನೆ’ ಎಂದು ಶುರು ಮಾಡಬೇಕಿತ್ತು. ಅವರು ಅಳೆದದ್ದು 19 ಆಂದೋಲನಗಳನ್ನು, ಅದನ್ನೂ ಚೊಕ್ಕವಾಗಿಯೇ ಅಳೆದಿದ್ದಾರೆ. ಇಂಥ ತಪ್ಪನ್ನು ಅಂಕಿಯಿಂದಲೇ ಪತ್ತೆ ಹಚ್ಚಿದ ಮಗುವಿಗೆ ಆಗುವ ಸಂತೋಷವನ್ನು ನೀವೇ ನೋಡಿ. 9.8 ಬಂದ ಮಗುವಿಗೆ ಅದು ಸಿಗುವುದಿಲ್ಲ.

ಲೋಲಕದಲ್ಲೂ ಊಹೆ ಮೊದಲು ಬರಲಿ. ಗುಂಡಿನ ತೂಕ ದುಪ್ಪಟ್ಟಾದರೆ ಏನಾಗುತ್ತದೆ, ದಾರ ಕಾಲು ಭಾಗವಾದರೆ ಏನಾಗುತ್ತದೆ? ದಾರ ಒಂದು ಮೀಟರಿನಿಂದ 25 ಸೆಂಟಿಮೀಟರಿಗೆ ಇಳಿದರೆ ಆವರ್ತಕಾಲವೂ ಕಾಲು ಭಾಗವಾಗುತ್ತದೆ ಎಂದು ಬಹುತೇಕ ಮಕ್ಕಳು ಬರೆಯುತ್ತಾರೆ. ಆದರೆ ಅದು ಅರ್ಧವಾಗುತ್ತದೆ. ಉದ್ದವನ್ನು ಕೊಕ್ಕೆಯವರೆಗೆ ಅಳೆಯದೆ ಗುಂಡಿನ ನಡುಮಧ್ಯದವರೆಗೆ ಅಳೆಯಬೇಕು. ದಾರವನ್ನು ಹತ್ತು ಡಿಗ್ರಿಗಿಂತ ಹೆಚ್ಚು ಓರೆ ಎಳೆಯಬಾರದು.

ಹತ್ತನೇ ತರಗತಿಯ ಬೆಳಕಿನ ಪಾಠಕ್ಕೆ ಪೀನ ಮಸೂರವೊಂದೇ ಸಾಕು, ಅದು ಅಷ್ಟು ಸಮೃದ್ಧ. ಕಿಟಕಿಯ ಎದುರಿನ ಗೋಡೆಯ ಮೇಲೆ ಹೊರಗಿನ ಮರದ ತಲೆಕೆಳಗಾದ ಬಿಂಬವನ್ನು ಹಿಡಿಸಿ. ಅದನ್ನು ಮೊದಲ ಬಾರಿ ಬಣ್ಣ ಸಮೇತ ನೋಡಿದ ಮಕ್ಕಳು ಬೆರಗಾಗುತ್ತಾರೆ, ಆ ಬೆರಗಿಗೆ ಐದು ನಿಮಿಷ ಬಿಡಿ. ಬಳಿಕ ಪ್ರಶ್ನೆ: ಮಸೂರದ ಮೇಲರ್ಧವನ್ನು ಕಪ್ಪು ಕಾಗದದಿಂದ ಮುಚ್ಚಿದರೆ ಬಿಂಬ ಏನಾಗುತ್ತದೆ? ಅರ್ಧ ಮರ ಕಾಣುತ್ತದೆ ಎಂದು ಹೆಚ್ಚಿನವರು ಬರೆಯುತ್ತಾರೆ. ಮೇಲಿನ ಅರ್ಧ ಹೋಗುತ್ತದೋ ಕೆಳಗಿನದೋ ಎಂಬುದರ ಬಗ್ಗೆಯಷ್ಟೇ ಅವರ ಜಗಳ. ಮುಚ್ಚಿದಾಗ ಮರ ಪೂರ್ತಿಯಾಗಿಯೇ ಇರುತ್ತದೆ, ಬೆಳಕು ಮಾತ್ರ ಕುಗ್ಗುತ್ತದೆ. ಪಠ್ಯದಲ್ಲಿ ಎರಡೇ ಕಿರಣಗಳನ್ನು ಎಳೆದು ತೋರಿಸುವುದರಿಂದ ಬಿಂಬ ಆ ಎರಡು ಕಿರಣಗಳಿಂದಲೇ ಆಗುತ್ತದೆ ಎಂಬ ಭಾವನೆ ಮಕ್ಕಳಲ್ಲಿ ಬೇರೂರಿರುತ್ತದೆ. ಮರದ ಪ್ರತಿ ಬಿಂದುವಿನಿಂದಲೂ ಹೊರಟ ಬೆಳಕು ಮಸೂರದ ಪ್ರತಿ ಭಾಗವನ್ನೂ ತಲುಪುತ್ತದೆ ಎಂಬುದು ಈ ಕಪ್ಪು ಕಾಗದದಿಂದ ಅರ್ಥವಾದಷ್ಟು ನನ್ನ ಯಾವ ವಿವರಣೆಯಿಂದಲೂ ಅರ್ಥವಾದದ್ದಿಲ್ಲ.

ಮಸೂರಗಳು ಎಲ್ಲರಿಗೂ ಸಾಲದಿದ್ದರೆ ಮನೆಯಿಂದ ಅಜ್ಜ ಅಜ್ಜಿಯರ ಓದುವ ಚಾಳೀಸನ್ನು ತರಲು ಹೇಳಿ. ದೂರದ ವಸ್ತುವಿನ ಬಿಂಬ ಹಿಡಿದು ಸಂಗಮದೂರ (ಮಸೂರದಿಂದ ಆ ಬಿಂಬದವರೆಗಿನ ದೂರ) ಅಳೆದು, ಮೀಟರಿಗೆ ಬದಲಾಯಿಸಿ, ಒಂದನ್ನು ಅದರಿಂದ ಭಾಗಿಸಿದರೆ ಕನ್ನಡಕದ ಪವರ್ ಡಯಾಪ್ಟರ್‌ಗಳಲ್ಲಿ ಸಿಗುತ್ತದೆ. 40 ಸೆಂಟಿಮೀಟರ್ ಬಂದರೆ 2.5. ಅಂಗಡಿಯವರು ಕೊಟ್ಟ ಚೀಟಿಯ ಜೊತೆ ಹೋಲಿಸಬಹುದು. ಆದರೆ ಇಲ್ಲೊಂದು ಎಚ್ಚರ. ಪಠ್ಯದ ‘ದೂರದ ವಸ್ತು’ ಎಂದರೆ ಎಷ್ಟು ದೂರ ಎಂಬುದು ಮಸೂರದ ಮೇಲೆ ನಿಂತಿದೆ. ಸಂಗಮದೂರ 10 ಸೆಂಟಿಮೀಟರ್ ಇರುವ ಮಸೂರಕ್ಕೆ ಮೂರು ಮೀಟರ್ ದೂರದ ಕಿಟಕಿಯೂ ದೂರವೇ, ಬಿಂಬ 10.3ರಲ್ಲಿ ಬೀಳುತ್ತದೆ. 50 ಸೆಂಟಿಮೀಟರಿನ ಚಾಳೀಸಿಗೆ ಐದು ಮೀಟರ್ ದೂರದ ಕಿಟಕಿಯೂ ಹತ್ತಿರವೇ, ಬಿಂಬ 55.6ರಲ್ಲಿ ಬಿದ್ದು ಡಯಾಪ್ಟರ್ 2ರ ಬದಲು 1.8 ಬರುತ್ತದೆ. ಮೈದಾನದ ಆಚೆಯ ಮರವನ್ನೋ ನೀರಿನ ಟ್ಯಾಂಕನ್ನೋ ಹಿಡಿಸಿ. ಇಲ್ಲವೇ ಕಿಟಕಿಯಿಂದಲೇ ಅಳೆಸಿ, ಕಡಿಮೆ ಏಕೆ ಬಂತು ಎಂಬುದನ್ನು ಮಸೂರದ ಸೂತ್ರದಿಂದ ಅವರೇ ಕಂಡುಹಿಡಿಯಲಿ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ. ಸಮೀಪದೃಷ್ಟಿ ಇರುವವರು, ಅಂದರೆ ದೂರದ್ದು ಮಸುಕಾಗಿ ಕಾಣುವವರು, ಧರಿಸುವ ಮೈನಸ್ ಕನ್ನಡಕದಲ್ಲಿ ಗೋಡೆಯ ಮೇಲೆ ಬಿಂಬ ಬೀಳುವುದಿಲ್ಲ. ಅಂಥದನ್ನೂ ಒಂದು ಇಟ್ಟುಕೊಂಡರೆ ನಿಮ್ನ ಮಸೂರದ ಪಾಠ ಅಲ್ಲೇ ಶುರುವಾಗುತ್ತದೆ.

ವಿದ್ಯುತ್ತಿನ ಪಾಠವನ್ನು ಓಮನ ನಿಯಮದಿಂದ ಆರಂಭಿಸಬೇಡಿ. ಪ್ರತಿ ಗುಂಪಿಗೂ ಒಂದು ಸೆಲ್, ಒಂದು ಸಣ್ಣ ತಂತಿ ಬಲ್ಬು, ಒಂದೇ ಒಂದು ತುಂಡು ವೈರ್ ಕೊಡಿ. ಹೋಲ್ಡರ್ ಬೇಡ. ‘ಉರಿಸಿ’ ಎಂದಷ್ಟೇ ಹೇಳಿ. ಬಲ್ಬಿನ ಬುಡ ಒಂದು ತುದಿ, ಅದರ ಲೋಹದ ಪಕ್ಕೆ ಇನ್ನೊಂದು ತುದಿ ಎಂಬುದು ಚಿತ್ರ ಬರೆದು ಪೂರ್ಣ ಅಂಕ ಪಡೆದವರಿಗೂ ಗೊತ್ತಿರುವುದಿಲ್ಲ. ಎಲ್‌ಇಡಿ ಬಂದ ಮೇಲೆ ಟಾರ್ಚಿನ ತಂತಿ ಬಲ್ಬುಗಳು ಸಿಗುವುದು ಕಷ್ಟವಾಗಿದೆ. ಆಗ ಬೈಕಿನ ಮೀಟರಿನಲ್ಲಿ ಹಾಕುತ್ತಿದ್ದ 12 ವೋಲ್ಟಿನ ಪುಟ್ಟ ಬಲ್ಬುಗಳನ್ನು ನಾಲ್ಕು ಸೆಲ್‌ಗಳ ಜೊತೆ ಬಳಸಬಹುದು. ಮಂದವಾಗಿ ಉರಿದರೂ ಸಾಕು.

ಎರಡನೇ ಹೆಜ್ಜೆ, ಎರಡು ಬಲ್ಬುಗಳ ಸರಣಿ ಜೋಡಣೆ. ‘ಧನ ತುದಿಯ ಹತ್ತಿರವಿರುವ ಬಲ್ಬು ಹೆಚ್ಚು ಬೆಳಗುತ್ತದೆ, ಏಕೆಂದರೆ ಮೊದಲ ಬಲ್ಬು ಕರೆಂಟನ್ನು ತಿಂದುಬಿಡುತ್ತದೆ’ ಎಂಬ ತಪ್ಪು ನಂಬಿಕೆ ಮಕ್ಕಳಲ್ಲಿ ಬಲವಾಗಿದೆ. ಊಹೆ ಬರೆಸಿ, ಉರಿಸಿ, ಮಲ್ಟಿಮೀಟರನ್ನು ಮೊದಲ ಬಲ್ಬಿನ ಹಿಂದೆ, ನಡುವೆ, ಎರಡನೆಯದರ ಮುಂದೆ ಸೇರಿಸಿ ಅಳೆಸಿ. ಮೂರೂ ಕಡೆ ಒಂದೇ ಪ್ರವಾಹ. ಇದಾದ ಮೇಲೆ ಓಮನ ನಿಯಮಕ್ಕೆ ಬನ್ನಿ. ಇಲ್ಲಿ ಶಾಲೆಗಳು ಎಡವುವುದು ರೋಧಕದ ಆಯ್ಕೆಯಲ್ಲಿ. 10 ಓಮಿನ ಸಣ್ಣ ರೋಧಕಕ್ಕೆ ನಾಲ್ಕು ಸೆಲ್ ಜೋಡಿಸಿದರೆ 3.6 ವ್ಯಾಟ್ ಶಾಖವಾಗಿ ರೋಧಕ ಸುಟ್ಟುಹೋಗುತ್ತದೆ. ಅರ್ಧ ವ್ಯಾಟಿನ 100 ಓಮ್ ರೋಧಕ ತನ್ನಿ. ಒಂದರಿಂದ ನಾಲ್ಕು ಸೆಲ್‌ಗಳಿಗೆ ಸುಮಾರು 15, 30, 45, 60 ಮಿಲಿಆಂಪಿಯರ್ ಬರುತ್ತದೆ, ನಕ್ಷೆ ನೇರ ಗೆರೆ. ಈಗ ಅದೇ ಜಾಗದಲ್ಲಿ ತಂತಿ ಬಲ್ಬನ್ನು ಹಾಕಿಸಿ, ಮೀಟರಿನ ತಂತಿಯನ್ನು 10 ಆಂಪಿಯರಿನ ಕಿಂಡಿಗೆ ಬದಲಾಯಿಸಿಕೊಂಡು ಅಳೆಯಲಿ. ಗೆರೆ ಬಾಗುತ್ತದೆ. ಓಮನ ನಿಯಮ ಸುಳ್ಳಾಯಿತೇ? ಉರಿಯದ ಬಲ್ಬಿನ ರೋಧವನ್ನು ಮಲ್ಟಿಮೀಟರಿನಲ್ಲಿ ನೋಡಿ, ಉರಿಯುವಾಗಿನ ರೋಧವನ್ನು ಲೆಕ್ಕ ಹಾಕಿ ಹೋಲಿಸಲಿ. ಬಿಸಿ ತಂತಿಯ ರೋಧ ತಣ್ಣಗಿದ್ದಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ‘ಉಷ್ಣತೆ ಬದಲಾಗದಿದ್ದರೆ’ ಎಂದು ನಿಯಮದಲ್ಲಿರುವ ಷರತ್ತನ್ನು ಮಕ್ಕಳು ಬಾಯಿಪಾಠದಲ್ಲಿ ನುಂಗಿಬಿಡುತ್ತಾರೆ. ಬಲ್ಬಿನ ನಕ್ಷೆ ಬರೆದವರು ನುಂಗುವುದಿಲ್ಲ.

ಕಾಂತೀಯ ಪರಿಣಾಮಕ್ಕೆ ಹೆಚ್ಚು ಹೇಳಬೇಕಾಗಿಲ್ಲ. 1820ರಲ್ಲಿ ಅರ್‌ಸ್ಟೆಡ್ ಕಂಡದ್ದನ್ನು, ಅಂದರೆ ಪ್ರವಾಹ ಹರಿಯುವ ವೈರಿನ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು, ಮಕ್ಕಳೂ ಕಾಣಲಿ. ವೈರನ್ನು ದಿಕ್ಸೂಚಿಯ ಮುಳ್ಳಿಗೆ ಸಮಾನಾಂತರವಾಗಿ, ಉತ್ತರ ದಕ್ಷಿಣವಾಗಿ ಹಿಡಿಯಬೇಕು. ಅಡ್ಡ ಹಿಡಿದರೆ ಮುಳ್ಳು ಕದಲದೇ ಇರಬಹುದು. ನಿಮ್ಮ ಬೀರುವಿನ ದಿಕ್ಸೂಚಿಗಳು ಒಂದೊಂದೂ ಒಂದೊಂದು ದಿಕ್ಕು ತೋರಿಸುತ್ತಿದ್ದರೆ ಎಸೆಯಬೇಡಿ, ಬಲವಾದ ಅಯಸ್ಕಾಂತವನ್ನು ಹತ್ತಿರ ತಂದು ಮುಳ್ಳನ್ನು ಮತ್ತೆ ಕಾಂತೀಕರಿಸಬಹುದು. ಎನಾಮಲ್ ಲೇಪದ ತಾಮ್ರದ ತಂತಿ ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡುವ ಅಂಗಡಿಗಳಲ್ಲಿ ತುಂಡು ತುಂಡಾಗಿ ಸಿಗುತ್ತದೆ, ಕೇಳಿದರೆ ಸುಮ್ಮನೆ ಕೊಡುತ್ತಾರೆ. ಹಳೆಯ ಸ್ಪೀಕರಿನಿಂದ ಅಯಸ್ಕಾಂತ ತೆಗೆದುಕೊಳ್ಳಿ. ಹದಿನೈದು ಸುತ್ತಿನ ಸುರುಳಿ, ಎರಡು ಸೇಫ್ಟಿ ಪಿನ್ನು, ಒಂದು ಸೆಲ್, ಮೋಟಾರ್ ಸಿದ್ಧ. ಸುರುಳಿಯ ಒಂದು ತುದಿಯ ಲೇಪವನ್ನು ಪೂರ್ತಿ, ಇನ್ನೊಂದರದ್ದನ್ನು ಅರ್ಧ ಸುತ್ತು ಮಾತ್ರ ಕೆರೆಯಬೇಕು. ಎರಡನ್ನೂ ಪೂರ್ತಿ ಕೆರೆದರೆ ಸುರುಳಿ ತೂಗಾಡಿ ನಿಂತುಬಿಡುತ್ತದೆ. ಇಂಥ ಕಸದಿಂದ ರಸದ ಕೆಲಸದಲ್ಲಿ ಅರವಿಂದ ಗುಪ್ತಾ ಅವರದು ದೊಡ್ಡ ಹೆಸರು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಮಾಧ್ಯಮಿಕ ಶಾಲೆಗಳಲ್ಲಿ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮದ ಒಡನಾಟದಿಂದ ಬಂದವರು ಅವರು. ಹಳ್ಳಿಯ ಸಾಮಾನ್ಯ ಶಾಲೆಗಳಲ್ಲಿ ಮಕ್ಕಳೇ ಪ್ರಯೋಗ ಮಾಡಿ ಕಲಿಯುವುದು ಸಾಧ್ಯ ಎಂದು ಆ ಕಾರ್ಯಕ್ರಮ 2002ರವರೆಗೆ ತೋರಿಸಿಕೊಟ್ಟಿತು. ನಮ್ಮಲ್ಲಿ ಆಗುವುದಿಲ್ಲ ಎನ್ನುವವರಿಗೆ ಇದನ್ನು ನೆನಪಿಸಿ.

ಶಬ್ದದ ವೇಗವನ್ನು ಮೈದಾನದಲ್ಲೇ ಅಳೆಯಬಹುದು. ದೊಡ್ಡ ಗೋಡೆಯಿಂದ 60 ಮೀಟರ್ ದೂರ ನಿಂತು ಎರಡು ಮರದ ತುಂಡುಗಳನ್ನು ಬಡಿದರೆ ಪ್ರತಿಧ್ವನಿ ಕೇಳುತ್ತದೆ. ಪ್ರತಿಧ್ವನಿ ಬಂದ ಕ್ಷಣದಲ್ಲೇ ಮುಂದಿನ ಬಡಿತ ಬೀಳುವಂತೆ ತಾಳ ಹಿಡಿಯಲಿ. ತಾಳ ಕೂಡಿದಾಗ ಪ್ರತಿಧ್ವನಿ ಬಡಿತದಲ್ಲಿ ಕರಗಿ ಕೇಳದಂತಾಗುತ್ತದೆ. ಆಗ 20 ಬಿಡುವುಗಳ ಕಾಲ ಅಳೆದರೆ ಏಳು ಸೆಕೆಂಡಿನ ಹತ್ತಿರ ಬರುತ್ತದೆ. ಪ್ರತಿ ಬಿಡುವಿನಲ್ಲೂ ಶಬ್ದ 120 ಮೀಟರ್ ಹೋಗಿ ಬಂದಿದೆ. ಗೋಡೆ ಸಿಗದಿದ್ದರೆ ಜರ್ಮನಿಯ ಆಖನ್ ವಿಶ್ವವಿದ್ಯಾಲಯದವರು ಉಚಿತವಾಗಿ ಕೊಟ್ಟಿರುವ ಫೈಫಾಕ್ಸ್ ಎಂಬ ಆ್ಯಪ್‌ನಲ್ಲಿ ಶಬ್ದದಿಂದ ಓಡುವ ಸ್ಟಾಪ್‌ವಾಚ್ ಇದೆ. ಶಿಕ್ಷಕರ ಎರಡು ಮೊಬೈಲುಗಳಿದ್ದರೆ ಸಾಕು. ಕಂಪ್ಯೂಟರಿನ ಅಣಕು ಪ್ರಯೋಗಗಳನ್ನು ಮಾತ್ರ ಕೈಯ ಪ್ರಯೋಗದ ನಂತರವೇ ತೋರಿಸಿ. ಅಲ್ಲಿ ದಾರ ಜೋತುಬೀಳುವುದಿಲ್ಲ, ಸೆಲ್ ಸೊರಗುವುದಿಲ್ಲ, ಆದ್ದರಿಂದ ಹುಡುಕಲು ಏನೂ ಉಳಿಯುವುದಿಲ್ಲ.

ಈಗ 46 ಮಕ್ಕಳು ಮತ್ತು 40 ನಿಮಿಷದ ಪ್ರಶ್ನೆ. ನೀವು ಒಬ್ಬರೇ ಇರುವುದರಿಂದ ಒಂದೊಂದು ಗುಂಪಿಗೆ ಒಂದೊಂದು ಪ್ರಯೋಗ ಕೊಡುವ ಪದ್ಧತಿ ಬೇಡ. ಎಲ್ಲ ಗುಂಪುಗಳೂ ಒಂದೇ ಪ್ರಯೋಗವನ್ನು ಏಕಕಾಲಕ್ಕೆ ಮಾಡಲಿ. ಐದಾರು ಮಕ್ಕಳ ಎಂಟು ಗುಂಪು, ಕೊಠಡಿ ಸಾಲದಿದ್ದರೆ ವರಾಂಡ. ಸಾಮಾನುಗಳನ್ನು ಹಿಂದಿನ ದಿನವೇ ಎಂಟು ಡಬ್ಬಿಗಳಲ್ಲಿ ತುಂಬಿಸಿಡಿ, ಈ ಕೆಲಸವನ್ನು ಸರದಿಯಂತೆ ಮಕ್ಕಳಿಗೇ ವಹಿಸಬಹುದು. ಪ್ರಶ್ನೆಯನ್ನೂ ಊಹೆಯನ್ನೂ ಹಿಂದಿನ ಅವಧಿಯ ಕೊನೆಯ ಐದು ನಿಮಿಷದಲ್ಲಿ ಮುಗಿಸಿಬಿಟ್ಟರೆ ಮರುದಿನ ಪೂರ್ತಿ ಕೈಕೆಲಸಕ್ಕೆ ಸಿಗುತ್ತದೆ. ಎರಡು ಅವಧಿಗಳನ್ನು ಒಟ್ಟಿಗೆ ಹಾಕಿಕೊಡಲು ಮುಖ್ಯಶಿಕ್ಷಕರನ್ನು ಕೇಳಿ, ತಿಂಗಳಿಗೊಮ್ಮೆಯಾದರೂ.

ಗುಂಪುಗಳಲ್ಲಿ ಒಂದು ವಿಷಯವನ್ನು ಕಣ್ಣಿಟ್ಟು ನೋಡಿ. ಹುಡುಗರು ವೈರು, ಸೆಲ್ಲು, ಗುಂಡುಗಳನ್ನು ಹಿಡಿದುಕೊಳ್ಳುತ್ತಾರೆ. ಅಕ್ಷರ ಚೆನ್ನಾಗಿದೆ ಎಂದು ಬರೆಯುವ ಕೆಲಸ ಹುಡುಗಿಯರ ಪಾಲಾಗುತ್ತದೆ. ವರ್ಷ ಮುಗಿಯುವ ಹೊತ್ತಿಗೆ ಚೆಂದದ ರೆಕಾರ್ಡ್ ಇರುವ ಹುಡುಗಿ ಒಮ್ಮೆಯೂ ಮಲ್ಟಿಮೀಟರ್ ಮುಟ್ಟಿರುವುದಿಲ್ಲ. ಇದು ನನಗೆ ನಿಜಕ್ಕೂ ನೋವು ಕೊಡುವ ಸಂಗತಿ. ಹಿಡಿಯುವವರು, ಅಳೆಯುವವರು, ಬರೆಯುವವರು, ಅಳತೆಯನ್ನು ಅನುಮಾನಿಸಿ ಮತ್ತೊಮ್ಮೆ ಪರೀಕ್ಷಿಸುವವರು ಎಂದು ಕೆಲಸ ಹಂಚಿ, ಪ್ರತಿ ಪ್ರಯೋಗಕ್ಕೂ ಕಡ್ಡಾಯವಾಗಿ ಬದಲಿಸಿ.

ಆಂತರಿಕ ಮೌಲ್ಯಮಾಪನದ 20 ಅಂಕಗಳಲ್ಲಿ ಪ್ರಯೋಗಕ್ಕೆ ನೀವು ಕೊಡುವ ಪಾಲನ್ನು ಉತ್ತರ ಸರಿ ಬಂದದ್ದಕ್ಕೆ ಕೊಡಬೇಡಿ. ಊಹೆ ಬರೆದಿದ್ದಾರೆಯೇ, ತಮ್ಮದೇ ಅಳತೆ ಇದೆಯೇ, ವ್ಯತ್ಯಾಸಕ್ಕೆ ಒಂದಾದರೂ ಕಾರಣ ಹುಡುಕಿದ್ದಾರೆಯೇ, ಇವಕ್ಕೆ ಕೊಡಿ. ಎರಡು ಪುಸ್ತಕಗಳಲ್ಲಿ ಕೊನೆಯ ಅಂಕಿಯವರೆಗೂ ಒಂದೇ ಅಳತೆ ಕಂಡರೆ ಗದರಿಸುವ ಬದಲು ಇಬ್ಬರಿಂದಲೂ ನಿಮ್ಮೆದುರು ಒಮ್ಮೆ ಮಾಡಿಸಿ.

ಅಪಾಯದ ವಿಷಯದಲ್ಲಿ ಮಾತ್ರ ರಾಜಿ ಬೇಡ. ಗೋಡೆಯ ಪ್ಲಗ್ಗಿನ 230 ವೋಲ್ಟನ್ನು ಮಕ್ಕಳ ಪ್ರಯೋಗಕ್ಕೆ ಯಾವ ಕಾರಣಕ್ಕೂ ಬಳಸಕೂಡದು, ಸೆಲ್‌ಗಳಷ್ಟೇ. ಹಳೆಯ ಮೊಬೈಲಿನ ಬ್ಯಾಟರಿ ತಂದರೆ ವಾಪಸ್ ಕಳುಹಿಸಿ, ಎರಡು ತುದಿಗಳು ನೇರವಾಗಿ ಸೇರಿದರೆ ಬೆಂಕಿ ಹತ್ತಿಕೊಳ್ಳಬಹುದು. ಮಸೂರ ಕೈಯಲ್ಲಿರುವ ದಿನ ಸೂರ್ಯನ ಕಡೆ ನೋಡಬಾರದೆಂದು ಪ್ರತಿ ಬಾರಿಯೂ ಹೇಳಿ. ಪಾದರಸದ ಉಷ್ಣಮಾಪಕಗಳಿದ್ದರೆ ಬೀರುವಿನಲ್ಲೇ ಬೀಗ ಹಾಕಿಡಿ.

ಖರೀದಿಯನ್ನು ಎರಡು ಕಂತಿನಲ್ಲಿ ಮಾಡಿ. ಮೊದಲು ಡಿಜಿಟಲ್ ತಕ್ಕಡಿ ಒಂದು, ಕೇಸಿಂಗ್ ಪಟ್ಟಿ ನಾಲ್ಕು, ಒಂದು ಉಂಡೆ ದಾರ, ನಟ್ಟುಗಳು, ಟೇಪು. ಒಂಬತ್ತನೇ ತರಗತಿ ಇಷ್ಟರಲ್ಲಿ ನಡೆಯುತ್ತದೆ. ಹತ್ತನೆಯದಕ್ಕೆ 10 ಸೆಂಟಿಮೀಟರ್ ಸಂಗಮದೂರದ ಪೀನ ಮಸೂರಗಳು, ಸೆಲ್, ಹೋಲ್ಡರ್, ರೋಧಕ, ಬಲ್ಬು ಮತ್ತು ಕನಿಷ್ಠ ನಾಲ್ಕು ಅಗ್ಗದ ಮಲ್ಟಿಮೀಟರುಗಳು. ಕೆಟ್ಟ ಅಮ್ಮೀಟರುಗಳನ್ನು ರಿಪೇರಿ ಮಾಡಿಸಲು ಹಣ ಹಾಕಬೇಡಿ. ಪ್ರವಾಹ ಅಳೆಯುವ ಗುರುತಿನಲ್ಲಿರುವ ಮಲ್ಟಿಮೀಟರನ್ನು ನೇರವಾಗಿ ಸೆಲ್ಲಿನ ಎರಡು ತುದಿಗೆ ಮುಟ್ಟಿಸಿದರೆ ಒಳಗಿನ ಫ್ಯೂಸ್ ಹೋಗುತ್ತದೆ. ಮಕ್ಕಳು ಒಮ್ಮೆಯಾದರೂ ಮುಟ್ಟಿಸುತ್ತಾರೆ, ಹಾಗಾಗಿ ಫ್ಯೂಸ್‌ಗಳನ್ನೂ ಜೊತೆಗೇ ತಂದಿಡಿ. ಬೇಸಿಗೆ ರಜೆಗೆ ಮುಂಚೆ ಮೀಟರುಗಳಿಂದಲೂ ಹೋಲ್ಡರುಗಳಿಂದಲೂ ಸೆಲ್‌ಗಳನ್ನು ತೆಗೆಸಿಬಿಡಿ, ಒಳಗೇ ಉಳಿದರೆ ಸೋರಿ ಜೂನ್ ಹೊತ್ತಿಗೆ ಸಂಪರ್ಕಗಳೆಲ್ಲ ತುಕ್ಕು ಹಿಡಿದಿರುತ್ತವೆ.